ಮರಕುಟಿಗನ ತಲೆ ಕೆಂಪಾದ ಕಥೆ

ಲೋಕ ಆಗಿನ್ನೂ ಹೊಸದು. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ದಾರಿ ಕೇಳುತ್ತಿದ್ದವು.

ಆಗ ಬಣ್ಣ ಬಳಿದ ಬಾಗಿಲು ಇದ್ದದ್ದು ಒಂದೇ ಒಂದು, ಚೌಡವ್ವಜ್ಜಿಯ ಮನೆಯದು. ಸೂರ್ಯ ತನ್ನ ಮುಂಜಾವಿನ ಕೆಂಪಿನಲ್ಲಿ ಒಂದು ಕುಡಿಕೆ ಕೊಟ್ಟು, "ಮಳೆಗಾಲ ಮುಗಿಸಿ ಬರ್ತೀನಿ ಚೌಡವ್ವಾ. ಬಾಗಿಲು ಕೆಟ್ಟಿದ್ರೆ ಬಣ್ಣ ವಾಪಸ್ ತಗೊಂಡು ಹೋಗ್ತೀನಿ" ಎಂದಿದ್ದ. ಅಜ್ಜಿಗೆ ಆ ಬಾಗಿಲೆಂದರೆ ಪ್ರಾಣ. ದಾರಿಯಲ್ಲಿ ಹೋಗುವ ಆಮೆಯನ್ನೂ ನಿಲ್ಲಿಸಿ ತೋರಿಸುತ್ತಿದ್ದಳು.

ಮಳೆ ಬಂತು. ಬಂದದ್ದು ಹೋಗಲೊಲ್ಲದು. ಬಾಗಿಲ ಮೇಲೆ ಪಾಚಿ ಹಸಿರು ಚಾಪೆ ಹಾಸಿತು, ಪಕ್ಕದಲ್ಲಿ ಬೂಷ್ಟು ಕಪ್ಪು ಚುಕ್ಕೆ ಇಟ್ಟುಕೊಂಡು ಕೂತಿತು.

"ಏಳ್ರೋ ಮೇಲೆ!" ಎಂದಳು ಅಜ್ಜಿ.

"ನೆರಳಿದೆ, ತೇವ ಇದೆ. ಇನ್ನೆಲ್ಲಿಗೆ ಹೋಗೋಣ ಅಜ್ಜೀ?" ಎಂದು ಪಾಚಿ ಕಾಲು ಚಾಚಿತು.

ಅಷ್ಟರಲ್ಲಿ ಗಾಳಿ ಬಂದು, "ನಾಳೆ ಸೂರ್ಯಪ್ಪ ಬರ್ತಾನಂತೆ" ಎಂದಿತು. ಅಜ್ಜಿ ಬಾಗಿಲ ಮುಂದೆ ಕೂತು ಅಳತೊಡಗಿದಳು.

ಆಗ ಬಂದ ಮರಕುಟಿಗ. ಅವನ ತಲೆ ಆಗ ಕಾಗೆಯಷ್ಟೇ ಕಪ್ಪು. ಕೆಲಸ ಕಮ್ಮಿ, ಜಂಬ ಜಾಸ್ತಿ. "ಅಳಬೇಡ ಅಜ್ಜೀ, ನನ್ನ ಕೊಕ್ಕು ಯಾಕಿದೆ? ಪಾಚಿ ಹೋಗ್ಲಿ, ಪಾಚಿಯ ಅಪ್ಪನೂ ಹೋಗ್ತಾನೆ!"

"ಮೊದಲು ಕೆಳಗಿನ ಮೂಲೇಲಿ ಒಂಚೂರು ಮಾಡಿ ತೋರ್ಸಪ್ಪ" ಎಂದಳು ಜಾಣ ಅಜ್ಜಿ.

ಟಕ್ ಟಕ್ ಟಕ್! ಬೂಷ್ಟಿನ ಪುಡಿ ಮೂಗಿಗೆ ಹೋಗಿ ಮರಕುಟಿಗ ಸೀನಿದ. ಸೀನಿದಾಗೆಲ್ಲ ಒಂದೊಂದು ತೂತು. ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು ಅವನ ಒದ್ದೆ ತಲೆಗೆ ಮೆತ್ತಿಕೊಂಡಿತು. ಪಾಚಿ ತೂತಿನೊಳಗೆ ಇಳಿದು, "ಚಾಪೆ ಇತ್ತು, ಈಗ ಕೋಣೇನೂ ಸಿಕ್ತು!" ಎಂದಿತು.

"ಅಯ್ಯೋ ನಿನ್ನ ಕೊಕ್ಕು ಮುರಿಯಾ! ಸಾಕು ನಿಲ್ಸೋ!" ಅಜ್ಜಿ ಪೊರಕೆ ಹಿಡಿದು ಅಟ್ಟಿದಳು.

ಆಮೇಲೆ ತಾನೇ ಕೂತು ಅಂಟುವಾಳಕಾಯಿ ನೆನೆಸಿ ಕಿವುಚಿದಳು. ಬೂಷ್ಟು ಹಾರದ ಹಾಗೆ ಬಾಗಿಲಿಗೆ ನೀರು ಚಿಮುಕಿಸಿದಳು. ನೊರೆ ಬಳಿದು, ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟಳು. ಒಣಗಿದ ಹೀರೇಕಾಯಿ ನಾರಿನಿಂದ ಮಗುವಿನ ಬೆನ್ನು ಉಜ್ಜುವ ಹಾಗೆ ಮೆಲ್ಲಗೆ ಉಜ್ಜಿದಳು. ಪಾಚಿಗೆ ಕಚಗುಳಿಯಾಯಿತು. ಕಿಲಕಿಲ ನಗುತ್ತಲೇ ಜಾರಿತು, ನೀರು ಸುರಿದಾಗ ಬೂಷ್ಟನ್ನೂ ಕರೆದುಕೊಂಡು ಹೋಯಿತು.

ಮರುದಿನ ಸೂರ್ಯ ಬಂದ. ಬಾಗಿಲು ಫಳಫಳ. ಆದರೆ ಮೂಲೆ ಬೋಳು.

"ನನ್ನ ಬಣ್ಣ ಕಿತ್ತವರು ಯಾರು?"

ಅಜ್ಜಿಗೆ ಮರಕುಟಿಗನ ಮೇಲೆ ಕೆಂಡದಂಥ ಸಿಟ್ಟಿತ್ತು. ಆದರೂ ಚಾಡಿ ಹೇಳಲು ಬಾಯಿ ಬರಲಿಲ್ಲ. ಸೂರ್ಯ ಬಣ್ಣ ವಾಪಸ್ ತೆಗೆಯಲು ಕೈ ಚಾಚಿಯೇ ಬಿಟ್ಟ. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮರದ ಮೇಲೆ ಅಡಗಿದ್ದ ಮರಕುಟಿಗ ರೆಕ್ಕೆಯಿಂದ ತಲೆ ಮುಚ್ಚಿಕೊಂಡು, "ನಾನಂತೂ ಅಲ್ಲಪ್ಪಾ!" ಎಂದು ಕೂಗಿದ. ಸೂರ್ಯನೂ ಅಜ್ಜಿಯೂ ತಿರುಗಿ ನೋಡಿದರು. ರೆಕ್ಕೆಯ ಸಂದಿಯಲ್ಲಿ ಕೆಂಪೋ ಕೆಂಪು!

ಸೂರ್ಯ ನಗು ತಡೆಯಲಾರದೆ ಮೋಡದಲ್ಲಿ ಮುಖ ಮುಚ್ಚಿಕೊಂಡ. "ಬಾಗಿಲ ಬಣ್ಣ ನಿನ್ನದೇ ಚೌಡವ್ವಾ. ಲೋ ಜಂಬಗಾರ, ಆ ಮೂಲೆಗೆ ಬೇಕಾದ ಕೆಂಪು ಹುಡುಕಿ ತಾ. ಅಲ್ಲೀತನಕ ನಿನ್ನ ತಲೆ ತೊಳೆಯೋ ಹಾಗಿಲ್ಲ."

"ಎಲ್ಲಿ ಹುಡುಕಲಿ ಸ್ವಾಮೀ?"

"ಯಾವುದಾದ್ರೂ ಮರದೊಳಗೆ ಇದ್ದೀತು, ನೋಡು."

ಅದಕ್ಕೇ ಮಕ್ಕಳೇ, ಮರಕುಟಿಗನ ತಲೆ ಇವತ್ತಿಗೂ ಕೆಂಪು. ಟಕ್ ಟಕ್ ಎಂದು ತೊಗಟೆ ಒಡೆದು ಕೆಂಪು ಬಣ್ಣ ಇದೆಯೇ ಎಂದು ಇಣುಕುತ್ತಾನೆ, ಒಳಗಿರುವುದು ಬರೀ ಹುಳು, ಅದನ್ನೇ ನುಂಗಿ ಮುಂದಿನ ಮರಕ್ಕೆ ಹಾರುತ್ತಾನೆ.