ಕೀಲೆಣ್ಣೆಯ ಬಾಳವ್ವ ಊರು ಬಿಟ್ಟದ್ದು

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಬಡವಾದದ್ದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಹತ್ತಿ ಬಿಡಿಸುವಾಗ ನಮ್ಮ ಅತ್ತೆಯವರು ಹೇಳುತ್ತಿದ್ದುದನ್ನು ಅವರು ಹೇಳಿದಂತೆಯೇ ಬರೆಯಲು ಪ್ರಯತ್ನಿಸಿದ್ದೇನೆ. ಇದು ಊರಿಗೆ ಹೆಮ್ಮೆ ತರುವ ಕಥೆಯಲ್ಲ. ಆದುದರಿಂದ ಊರಿನ ಹೆಸರನ್ನು ಬರೆದಿಲ್ಲ.

ಬಹಳ ಹಿಂದಿನ ಮಾತು, ಕೇಳಿರಿ. ಈಗ ನಗರವೆನ್ನಿಸಿಕೊಂಡಿರುವ ನಮ್ಮ ಊರು ಆಗ ಒಂದು ಸಣ್ಣ ಹಳ್ಳಿಯಾಗಿತ್ತಂತೆ. ಸುತ್ತಲೂ ಎರೆಯ ಹೊಲ, ಹೊಲದ ತುಂಬ ಹತ್ತಿ. ಊರ ಬಾಗಿಲಾದ ಅಗಸಿಯ ಮುಂದೆ ಒಂದು ದಿನ್ನೆ. ಹತ್ತಿ ತುಂಬಿದ ಚಕ್ಕಡಿಗಳೆಲ್ಲ ಆ ದಿನ್ನೆಯನ್ನು ಹತ್ತಿಯೇ ಊರೊಳಗೆ ಬರಬೇಕು. ಆ ದಿನ್ನೆಯ ಮೇಲೆ ಗಾಣಿಗರ ಬಾಳವ್ವ ಕುಳಿತಿರುತ್ತಿದ್ದಳಂತೆ. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿಟ್ಟುಕೊಂಡು, ಬಂದ ಬಂದ ಚಕ್ಕಡಿಯ ಅಚ್ಚಿಗೆ ಹಚ್ಚುತ್ತಿದ್ದಳಂತೆ.

ಗಾಡಿ ಹೊಡೆಯುವ ದುರ್ಗಪ್ಪನೆಂಬುವನನ್ನು ಕಂಡರೆ ಅವಳಿಗೆ ಬಹಳ ಸಲಿಗೆ.

"ಏ ದುರ್ಗ್ಯಾ, ತರುಬಲೇ! ನಿನ್ನ ಚಕ್ಕಡಿ ಹೊಸಾ ಸೊಸಿ ಅತ್ತಾಂಗ ಅಳಾಕತ್ತೇತಿ. ಹೊಟ್ಟಿಗೆ ಏನರ ಹಾಕೀಯೋ ಇಲ್ಲೋ?"

"ನೀ ಮುಟ್ಟಿದ ಮ್ಯಾಲ ತವರಿಗೆ ಹೊಂಟಾಂಗ ಓಡ್ತೈತಿ ಬಿಡಬೇ ಯವ್ವಾ" ಎನ್ನುತ್ತಿದ್ದನಂತೆ ಅವನು.

ಅವಳ ಕೈ ತಗಲಿದ ಗಾಲಿಗೆ ದಣಿವಿರಲಿಲ್ಲವೆಂದು ಹೇಳುತ್ತಾರೆ. ನಾಲ್ಕು ಎತ್ತಿನ ಭಾರವನ್ನು ಎರಡೇ ಎತ್ತು ಎಳೆಯುತ್ತಿದ್ದವೆಂದೂ ಹೇಳುತ್ತಾರೆ. ಎತ್ತು ದಣಿಯದ ದಾರಿ ಎಂಬ ಸುದ್ದಿ ಹಬ್ಬಿ ದೂರದ ರೈತರೂ ಇಲ್ಲಿಗೇ ಬಂದರಂತೆ. ರೈತರು ಬಂದಲ್ಲಿಗೆ ವ್ಯಾಪಾರಿಗಳು ಬಂದರು, ವ್ಯಾಪಾರಿಗಳ ಹಿಂದೆ ಹತ್ತಿ ಕೂಡಿಡುವ ವಖಾರಿಗಳು ಎದ್ದವು, ಹಳ್ಳಿ ಪೇಟೆಯಾಯಿತು. ಪೇಟೆಗೆ ಬೆಳಕು ಬಂದದ್ದು ಒಬ್ಬ ಹೆಂಗಸಿನ ಕರಿಯಾದ ಕೈಗಳಿಂದ ಎಂದು ಅತ್ತೆಯವರು ಹೇಳುತ್ತಿದ್ದರು.

ಒಂದು ಸುಗ್ಗಿಯಲ್ಲಿ ಪೇಟೆಯ ಯಜಮಾನ ಚನ್ನಮಲ್ಲಪ್ಪನವರ ವಖಾರಿಯಿಂದ ಹತ್ತಿ ಕಳವಾಯಿತಂತೆ. ವಖಾರಿ ಊರ ಹೊರಗಿತ್ತು. ಕಾವಲಿಗೆ ತಳವಾರ ಯಂಕಪ್ಪನೊಬ್ಬನೇ ಇದ್ದ. ಬೆಳಗಾದಾಗ ಮಣ್ಣಿನಲ್ಲಿ ಚಕ್ಕಡಿ ಹೋದ ಗುರುತು ಕಂಡಿತು. ನೀನೇಕೆ ಕೂಗಲಿಲ್ಲವೆಂದು ಯಂಕಪ್ಪನನ್ನು ಕೇಳಿದರು. ತಾನು ಕಣ್ಣು ಮುಚ್ಚಿಲ್ಲವೆಂದೂ, ಗಾಲಿಯ ಸಪ್ಪಳವೇ ಕೇಳಲಿಲ್ಲವೆಂದೂ ಅವನು ಹೇಳಿದನಂತೆ. ಸಪ್ಪಳವಿಲ್ಲದ ಗಾಲಿ ಯಾರದು? ಬಾಳವ್ವ ಎಣ್ಣೆ ಹಚ್ಚಿದ್ದು. ಹಾಗಾದರೆ ಬಾಳವ್ವನೇ ಕಳ್ಳರ ಜೊತೆಗಾತಿ. ಊರು ಅಷ್ಟು ಸುಲಭವಾಗಿ ನಂಬಿತಂತೆ.

ಅಗಸಿಯಲ್ಲಿ ಹಿರಿಯರು ಕೂಡಿದರು. ಅವಳನ್ನು ನಡುವೆ ನಿಲ್ಲಿಸಿದರು.

"ಎಣ್ಣಿ ಹಚ್ಚೀನಿ ಯಪ್ಪಾ, ಇಲ್ಲನ್ನಂಗಿಲ್ಲ" ಎಂದಳಂತೆ ಬಾಳವ್ವ. "ಗಾಲಿ ನೋಡಿ ಹಚ್ಚೀನಿ. ಮಂದಿ ಮಾರಿ ನೋಡಿ ಹಚ್ಚಿಲ್ಲ. ಇಲ್ಲಿ ನಿಂತವರನ್ನರ ಕೇಳ್ರಿ, ನಾ ಎಂಥಾಕಿ ಅಂತ."

ಅಲ್ಲಿ ನಿಂತವರೆಲ್ಲ ಅವಳಿಂದ ಎಣ್ಣೆ ಹಚ್ಚಿಸಿಕೊಂಡವರೇ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳಂತೆ. ದುರ್ಗಪ್ಪನ ಮುಖವನ್ನೂ ನೋಡಿದಳಂತೆ. ಅವನು ಎತ್ತಿನ ಹಗ್ಗದ ಗಂಟನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ನಿಂತನೇ ಹೊರತು ಬಾಯಿ ಬಿಡಲಿಲ್ಲ. ಯಾರೂ ಬಿಡಲಿಲ್ಲ. ಹಿರಿಯರು ಅವಳ ಗೊಟ್ಟವನ್ನು ಕಲ್ಲಿಗೆ ಬಡಿದು ಒಡೆದರು. ಬಾಳವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ದಿನ್ನೆಯಿಳಿದು ತೆಂಕಣ ದಾರಿ ಹಿಡಿದಳಂತೆ. ಹೋಗುವಾಗ ಶಾಪ ಹಾಕಲಿಲ್ಲ. ಹಾಕಿದ್ದರೆ ನಮಗೆ ಇಷ್ಟು ಭಾರವಾಗುತ್ತಿರಲಿಲ್ಲ ಎನ್ನುತ್ತಿದ್ದರು ಅತ್ತೆಯವರು.

ಆ ಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರು. ಎಣ್ಣೆ ಹಚ್ಚಿದ ಚಕ್ಕಡಿ ಅಗಸಿಯೊಳಗೆ ಬರಕೂಡದು, ಕಿರುಗುಟ್ಟುತ್ತಲೇ ಬರಬೇಕು, ಕೂಗುವ ಗಾಲಿಯೇ ಪ್ರಾಮಾಣಿಕನ ಗಾಲಿ. ಯಾರ ಚಕ್ಕಡಿ ಹೆಚ್ಚು ಕೂಗುತ್ತದೆಯೋ ಅವನೇ ದೊಡ್ಡವನೆಂದು ಜನರು ಬೀಗಿದರಂತೆ.

ಮರುವರ್ಷದ ಬಿಸಿಲಿನಲ್ಲಿ ಹತ್ತಿಯ ಚಕ್ಕಡಿಗಳು ದಿನ್ನೆಯುದ್ದಕ್ಕೂ ಸಾಲುಗಟ್ಟಿದ್ದವು. ಎಲ್ಲಕ್ಕೂ ಮುಂದೆ ಚನ್ನಮಲ್ಲಪ್ಪನವರದು. ಒಣಗಿದ ಅಚ್ಚು ಗಾಲಿಯೊಳಗೆ ತಿಕ್ಕಿ ತಿಕ್ಕಿ ಕಾಯಿತು, ಕಾದದ್ದು ಹೊಗೆಯಾಡಿತು, ಹೊಗೆಯೊಳಗಿನ ಕಿಡಿ ಹತ್ತಿಗೆ ಮುಟ್ಟಿ ಬೆಂಕಿಯಾಯಿತು. ಗಾಳಿಗೆ ಒಂದರಿಂದ ಒಂದಕ್ಕೆ ಹಾರಿತು. ನೊಗದ ಹಗ್ಗ ಕೊಯ್ದು ಕೆಲವು ಎತ್ತುಗಳನ್ನು ಉಳಿಸಿಕೊಂಡರು. ಎಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಅವುಗಳ ಕೂಗನ್ನು ಹೇಳುವಾಗ ಅತ್ತೆಯವರು ಬಿಡಿಸುತ್ತಿದ್ದ ಹತ್ತಿಯನ್ನು ಕೆಳಗಿಡುತ್ತಿದ್ದರು.

ಆ ಬೆಂಕಿಯ ಮುಂದೆ ಯಂಕಪ್ಪ ನೆಲಕ್ಕೆ ಬಿದ್ದು, "ಕಳುವಾದ ರಾತ್ರಿ ಮದುವಿ ಊಟ ಉಂಡು ಮಲಗಿದ್ದೆನ್ರೀ ಧಣ್ಯಾರ, ಎಚ್ಚರಾನ ಇರಲಿಲ್ರೀ" ಎಂದು ಬಾಯಿ ಬಡಿದುಕೊಂಡನಂತೆ. ಕಳ್ಳರ ಚಕ್ಕಡಿ ಅವನ ಪಕ್ಕದಲ್ಲೇ ಕಿರುಗುಟ್ಟಿಕೊಂಡು ಹೋಗಿತ್ತೋ ಏನೋ, ಯಾರಿಗೆ ಗೊತ್ತು?

ಚನ್ನಮಲ್ಲಪ್ಪನವರು ಬಾಳವ್ವನನ್ನು ಹುಡುಕಿಕೊಂಡು ಬರಿಗಾಲಲ್ಲಿ ಹೊರಟರಂತೆ. ದುರ್ಗಪ್ಪ ಅವರ ಹಿಂದೆ. ತೆಂಕಣ ದಿಕ್ಕಿನ ಮೊದಲ ಹಳ್ಳಿಯಲ್ಲಿ ಬಾವಿಯ ರಾಟೆ ಸಪ್ಪಳವಿಲ್ಲದೆ ತಿರುಗುತ್ತಿತ್ತು. ವಿಚಾರಿಸಿದರೆ, ಯಾರೋ ಒಬ್ಬ ಮುದುಕಿ ನೀರು ಕುಡಿದು, ಎಣ್ಣೆ ಹಚ್ಚಿ ಹೋದಳೆಂದರು. ಮುಂದಿನ ಹಳ್ಳಿಯಲ್ಲಿಯೂ ರಾಟೆ ಮೌನ. ಅದರ ಮುಂದಿನದರಲ್ಲಿಯೂ ಮೌನ. ಸಪ್ಪಳವಿಲ್ಲದ ರಾಟೆಗಳನ್ನೇ ಗುರುತು ಹಿಡಿದು ಅವರು ನಡೆದರಂತೆ. ತಮ್ಮ ಊರನ್ನು ಅವಳು ಎಲ್ಲಿಯೂ ದೂರಿರಲಿಲ್ಲ. ಕಡೆಗೆ ಒಂದು ಹಳ್ಳಿಯನ್ನು ಸೇರಿದಾಗ ಅಲ್ಲಿಯ ರಾಟೆ ಕಿರ್ರೆಂದು ಕೂಗುತ್ತಿತ್ತು. ಅಲ್ಲಿಗೆ ಅವಳು ಬಂದಿರಲೇ ಇಲ್ಲ.

ಆ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸು ಕೇಳಿದಳಂತೆ: "ಯಾರನ್ನ ಹುಡುಕಾಕತ್ತೀರಿ ಯಣ್ಣಾ?"

"ನಮ್ಮವ್ವನ್ನ" ಎಂದನಂತೆ ದುರ್ಗಪ್ಪ.

"ನಿಮ್ಮವ್ವ ಮನಿ ಯಾಕ ಬಿಟ್ಟಾಳ?"

ದುರ್ಗಪ್ಪ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ನೀರು ಸೇದಿಕೊಟ್ಟನಂತೆ. ಅವರಿಬ್ಬರೂ ಹಿಂದೆ ತಿರುಗಿ ಹುಡುಕಿದರೂ ಬಾಳವ್ವ ಸಿಗಲಿಲ್ಲವಂತೆ.

ಈಗ ದಿನ್ನೆಯನ್ನು ಕಡಿದು ಡಾಂಬರು ಹಾಕಿದ್ದಾರೆ. ರೈಲು ಬಂದಿದೆ, ಹತ್ತಿ ಲಾರಿಯಲ್ಲಿ ಬರುತ್ತದೆ. ಆದರೂ ಹತ್ತಿಯ ಪೇಟೆ ತೆರೆಯುವ ಮೊದಲ ದಿನ, ವ್ಯಾಪಾರಿಗಳಲ್ಲಿ ಹಿರಿಯರಾದವರು ರುಮಾಲು ತೆಗೆದು, ಅಗಸಿಯಿದ್ದ ಜಾಗದಲ್ಲಿ ತೆಂಕಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಲಾರಿಗಳ ಎಂಜಿನ್ ನಿಲ್ಲಿಸುತ್ತಾರೆ. "ಬಾಳವ್ವಾ, ನಮ್ಮದು ತಪ್ಪಾಗೇತಿ, ಊರಿಗೆ ಬಾರಬೇ" ಎಂದು ಅವರು ಕರೆಯುತ್ತಾರೆ. ಕರೆದು, ಎಲ್ಲರೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕಾಯುತ್ತಾರೆ. ಆ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡದೆ ಒಳಗೆ ಹೋಗಿ ತೂಕ ಶುರುಮಾಡುತ್ತಾರೆ.

ನನಗೆ ತಿಳಿದಷ್ಟನ್ನು ಬರೆದಿದ್ದೇನೆ. ತಪ್ಪುಗಳಿದ್ದರೆ ಓದಿದವರು ಕ್ಷಮಿಸಬೇಕು.