ದೊಡ್ಡ ರಿವಾಲ್ವರ್ ಕೊಂಡ ವರ್ತಕ

"ಬುದ್ಧಿ, ಮೊದಲ ಸಲ ರಿವಾಲ್ವರ್ ಕೊಳ್ಳುವವನು ಯಾವುದನ್ನು ಆರಿಸಬೇಕು? ಚಿಕ್ಕದನ್ನೋ, ದೊಡ್ಡ ಗುಂಡು ಹಾರಿಸುವುದನ್ನೋ?"

ನನ್ನ ಮೈದುನ ಶಾಂತಮಲ್ಲಪ್ಪ ಗುರುಗಳನ್ನು ಹೀಗೆ ಕೇಳಿದ. ಪಾದಪೂಜೆ ಮುಗಿದಿತ್ತು. ಪ್ರಸಾದವಾಗಿತ್ತು. ಗುರುಗಳು ನಡುಮನೆಯಲ್ಲಿ ಕುಳಿತಿದ್ದರು.

ಇಂಥ ಪ್ರಶ್ನೆ ಈ ನಡುಮನೆಯಲ್ಲಿ ಹಿಂದೆ ಯಾರೂ ಕೇಳಿದ್ದಿಲ್ಲ. ಆದ್ದರಿಂದ ನಮ್ಮದು ಎಂಥ ಮನೆಯೆಂದು ಮೊದಲು ಹೇಳಬೇಕು. ನನ್ನ ಮಾವನವರ ತಾತ ಅಮಲ್ದಾರರಾಗಿದ್ದವರು. ಊರಿನ ಕೆರೆಯ ತೂಬು ಕಟ್ಟಿಸಿದ್ದು ನಮ್ಮವರು. ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟದ್ದೂ ನಮ್ಮವರೇ. ಗುರುಗಳು ಈ ಕಡೆ ದಯಮಾಡಿಸಿದರೆ ತಂಗುವುದು ನಮ್ಮಲ್ಲಿ. ಅವರ ಹಿಂದಿನ ಗುರುಗಳೂ ನಮ್ಮಲ್ಲೇ ತಂಗುತ್ತಿದ್ದರು. ನಮ್ಮ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಅದು ಇನ್ನೊಬ್ಬರ ಪರವಾಗಿ ಸಾಕ್ಷಿ ಹೇಳಲು ಮಾತ್ರ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಹಿರಿಯ ಸೊಸೆಯಾಗಿ ಬಂದವಳು. ಯಜಮಾನರು ತೀರಿಕೊಂಡ ಮೇಲೆ ರೈಸ್ ಮಿಲ್ಲಿನ ಹೊಣೆ ಮೈದುನನದು, ಮನೆಯ ಮರ್ಯಾದೆಯ ಹೊಣೆ ನನ್ನದು.

ನಮ್ಮದು ಬೀದಿಯ ಕೊನೆಯ ಮನೆ. ಒಂದು ಪಕ್ಕಕ್ಕೆ ಕೆರೆಯ ಏರಿ. ಇನ್ನೊಂದು ಪಕ್ಕಕ್ಕೆ ಗುರುಪಾದಸ್ವಾಮಿಯವರ ಮನೆ. ಅವರಿಗೂ ಒಂದು ಮಿಲ್ಲಿದೆ.

"ರಿವಾಲ್ವರ್ ಯಾಕಪ್ಪ?" ಎಂದರು ಗುರುಗಳು.

ಶಾಂತಮಲ್ಲಪ್ಪ ತಲೆ ತಗ್ಗಿಸಿದ. ಆದ್ದರಿಂದ ನಾನೇ ಹೇಳಿದೆ. ಲಾರಿ ನಿಲ್ಲಿಸುವ ವಿಷಯಕ್ಕೆ ಮಾತು ಬೆಳೆದು, ಗುರುಪಾದಸ್ವಾಮಿಯವರು ನಡುಬೀದಿಯಲ್ಲಿ ನನ್ನ ಮೈದುನನ ಕೊರಳಪಟ್ಟಿ ಹಿಡಿದರು. ಶರಟಿನ ಮೇಲಿನ ಗುಂಡಿ ಕಿತ್ತು ಬಂತು. ಆ ಗುಂಡಿಯನ್ನು ನಾನು ಎತ್ತಿಟ್ಟಿದ್ದೇನೆ. ಶಾಂತಮಲ್ಲಪ್ಪ ಅದಕ್ಕೆ ಮೊದಲು ಅವರ ತೀರಿಹೋದ ತಂದೆಯ ಬಗ್ಗೆ ಒಂದು ಮಾತು ಆಡಿದ್ದ. ಆ ಮಾತನ್ನು ಇಲ್ಲಿ ಬರೆಯುವುದು ಸಭ್ಯವಲ್ಲ.

"ಲೈಸೆನ್ಸು ಸಿಕ್ಕಿತೇ?" ಎಂದು ಗುರುಗಳು ಮೈದುನನನ್ನು ಕೇಳಿದರು.

"ಸಿಕ್ಕ ಹಾಗೆಯೇ ಬುದ್ಧಿ. ಪೊಲೀಸಿನವರು ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡು ಹೋದರಂತೆ. ಒಳ್ಳೆಯ ವರದಿಯೇ ಹೋಗಿದೆ ಅಂತ ಠಾಣೆಯಲ್ಲಿ ಹೇಳಿದರು."

"ಹೋಗದೆ ಏನು? ಈ ಮನೆಯ ಬಗ್ಗೆ ಕೆಟ್ಟ ಮಾತು ಆಡುವವರು ಯಾರಿದ್ದಾರೆ?" ಎಂದೆ ನಾನು. "ಗುರುಪಾದಸ್ವಾಮಿಯವರು ಬಂದು, ನಮ್ಮ ಬಾಗಿಲಲ್ಲಿ ನಿಂತು, ಸ್ಪಷ್ಟವಾಗಿ, ಪೂರ್ತಿ ವಾಕ್ಯದಲ್ಲಿ ಕ್ಷಮೆ ಕೇಳಲಿ. ಆಮೇಲೆ ರಿವಾಲ್ವರಿನ ಮಾತು ಬಿಡಬಹುದು."

ಗುರುಗಳು ಮೈದುನನ ಕಡೆಗೆ ತಿರುಗಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆಯ ವರ್ತಕನಿದ್ದ. ಮೆತ್ತಗಿನ ಮನುಷ್ಯ. ಅವನ ಎದುರುಮನೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಇವನು ಮಾತುಗಾರ. ಬೀದಿ ಕಿರಿದು. ಒಬ್ಬನ ಜಗಲಿಯಿಂದ ಇನ್ನೊಬ್ಬನ ಜಗಲಿಗೆ ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ವರ್ತಕನ ಅಂಗಡಿಗೆ ಕೋತಿ ನುಗ್ಗಿತು. ಬಟ್ಟೆ ಅಳೆಯುವ ಮೊಳಕೋಲು ಕೈಗೆಟಕುವಂತೆಯೇ ಇತ್ತು. ವರ್ತಕ ಅದನ್ನು ಮುಟ್ಟಲಿಲ್ಲ. ಬಟ್ಟೆಯ ಬೇಲುಗಳ ಮೇಲೆ ಹತ್ತಿ ಕುಳಿತ. ಕೋತಿ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತು, ಅವನ ಬಾಳೆಹಣ್ಣು ತಿಂದು, ಸಿಪ್ಪೆ ಅಲ್ಲೇ ಬಿಟ್ಟು ಹೋಯಿತು.

ಬೆಲ್ಲದ ವ್ಯಾಪಾರಿ ಇದನ್ನು ನೋಡಿದ. ಒಂದು ಮದುವೆಯ ಪಂಕ್ತಿಯಲ್ಲಿ ಹೇಳಿದ. "ಆವತ್ತು ಯಾರಾದರೂ ಗಿರಾಕಿ ಬಂದಿದ್ದರೆ ಕೋತಿಯೇ ಅಳೆದು ಕೊಟ್ಟಿರುತ್ತಿತ್ತು. ಯಜಮಾನರು ಮೇಲಿಂದ ರೇಟು ಹೇಳುತ್ತಿದ್ದರು" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ಸೌಟು ಕೆಳಗಿಟ್ಟು ನಕ್ಕ. ವರ್ತಕನೂ ನಕ್ಕಂತೆ ಮಾಡಿದ. ಅವನ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು.

ಆಮೇಲೆ ಅವನಿಗೆ ಯಾರು ನಕ್ಕರೂ ತನ್ನನ್ನು ಕಂಡೇ ನಕ್ಕರು ಅನ್ನಿಸಿತು. ಎಲೆಯಡಿಕೆಯ ತಟ್ಟೆ ನಿಂತಿತು. ಅವನು ರಿವಾಲ್ವರಿಗೆ ಅರ್ಜಿ ಹಾಕಿದ. ಪೇಟೆಯಲ್ಲಿ ಹಣ ಇಟ್ಟುಕೊಂಡು ಓಡಾಡುವವನು, ರಕ್ಷಣೆಗೆ ಬೇಕು ಎಂದು ಕಾರಣ ಕೊಟ್ಟ. ಪೇದೆಯೊಬ್ಬ ಬೀದಿಯಲ್ಲಿ ವಿಚಾರಿಸಿಕೊಂಡು ಹೋದ. ಲೈಸೆನ್ಸು ಬಂತು.

ವರ್ತಕ ನಗರಕ್ಕೆ ಹೋದ. ಬಂದೂಕಿನ ಅಂಗಡಿ ಹೊಕ್ಕ.

"ಮೊದಲನೆಯದೇ?" ಎಂದ ಅಂಗಡಿಯವನು.

"ಹೌದು. ದೊಡ್ಡದು ತೋರಿಸಿ."

"ಎದುರಿನ ಆಸಾಮಿ ಎಷ್ಟು ದೊಡ್ಡವನು ಸ್ವಾಮಿ?"

ವರ್ತಕನ ಮುಖ ಕೆಂಪಾಯಿತು.

"ತಪ್ಪು ತಿಳಿಯಬೇಡಿ. ಚಪ್ಪಲಿ ಕೊಳ್ಳುವವರು ತಮ್ಮ ಕಾಲು ನೋಡಿಕೊಳ್ಳುತ್ತಾರೆ. ನನ್ನಲ್ಲಿಗೆ ಬರುವವರು ತಮ್ಮ ಕೈ ನೋಡಿಕೊಳ್ಳುವುದೇ ಇಲ್ಲ" ಎಂದು ಅಂಗಡಿಯವನು ಚಿಕ್ಕದೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟ. "ಇದು ನಿಮಗೆ ಸರಿ."

"ಇದನ್ನು ನೋಡಿದರೆ ಯಾರು ಹೆದರುತ್ತಾರೆ?"

"ಗುಂಡು ತಗುಲಿದವನು ಹೆದರುತ್ತಾನೆ."

"ತಗುಲುವುದು ಬೇಡ. ಕಂಡರೆ ಸಾಕು."

"ಹಾಗೆ ಹೇಳಿ ಮತ್ತೆ" ಎಂದು ಅಂಗಡಿಯವನು ಕಪಾಟಿನ ಕೆಳಗಿನ ಖಾನೆಯಿಂದ ದೊಡ್ಡದನ್ನು ತೆಗೆದ. "ಇದು ಬೀದಿಯ ಆಚೆಯಿಂದಲೂ ಕಾಣುತ್ತದೆ."

ವರ್ತಕ ಅದನ್ನು ಹಿಡಿದು ಕೈ ಚಾಚಿದ. ಮಣಿಕಟ್ಟು ನಡುಗಿತು. ಎಡಗೈ ಕೊಟ್ಟು ಹಿಡಿದ. ಆಗಲೂ ನಡುಗಿತು. ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡ. ಕನ್ನಡಿಯಲ್ಲಿ ನಡುಕ ಅಷ್ಟು ಕಾಣಲಿಲ್ಲ. ಅದನ್ನೇ ಕೊಂಡ.

ಅಂದಿನಿಂದ ಸಂಜೆಯಾದರೆ ವರ್ತಕ ಜಗಲಿಯ ಮೇಲೆ ಬಿಳಿಯ ವಸ್ತ್ರ ಹಾಸುತ್ತಿದ್ದ. ರಿವಾಲ್ವರಿನ ಗುಂಡು ತೆಗೆದು, ಎಣ್ಣೆ ಹಾಕಿ ಒರೆಸಿ, ವಸ್ತ್ರದ ಮೇಲಿಡುತ್ತಿದ್ದ. ಅದರ ಬಾಯಿ ಎದುರುಮನೆಯ ಬಾಗಿಲಿಗೆ ನೇರವಾಗಿರುತ್ತಿತ್ತು. ಹೊಡೆಯುವ ಯೋಚನೆ ಅವನಿಗೆ ಒಂದು ಗಳಿಗೆಯೂ ಬಂದದ್ದಲ್ಲ. ಎದುರಿನವನು ನೋಡಬೇಕು, ಅಷ್ಟೇ.

ಬೆಲ್ಲದ ವ್ಯಾಪಾರಿ ನೋಡಿದ. ತನ್ನ ಜಗಲಿಯಿಂದ ನಗುತ್ತಾ ಕೇಳಿದ: "ಏನು ಯಜಮಾನರೇ, ಈ ಸಲ ಕೋತಿ ಬಂದರೆ ಗತಿಯೇನು?"

"ಇದು ಕೋತಿಗಲ್ಲ" ಎಂದ ವರ್ತಕ. "ಕೋತಿಯ ಕತೆ ಹೇಳುವವರಿಗೆ."

ಬೆಲ್ಲದ ವ್ಯಾಪಾರಿಯ ಮೊಮ್ಮಗಳು ಹೊಸಿಲ ಮೇಲೆ ಆಡುತ್ತಿದ್ದಳು. ಅವನು ಅವಳನ್ನು ಎತ್ತಿಕೊಂಡ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಯಾರ ಹತ್ತಿರವೂ ದೂರು ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಗಾರೆಯವರು ಬಂದರು. ಬೀದಿಯ ಕಡೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು, ಇಟ್ಟಿಗೆ ಕಟ್ಟಿ, ಸುಣ್ಣ ಬಳಿದರು. ಅದೇ ಬಾಗಿಲನ್ನು ಹಿಂದಿನ ಓಣಿಯ ಕಡೆಗೆ ಕೂರಿಸಿದರು. ಎದುರಿನ ಜಗಲಿ ಬರಿಯ ಗೋಡೆಯ ಮುಂದಿನ ಕಟ್ಟೆಯಾಯಿತು.

ತಾನು ಗೆದ್ದೆ ಎಂದುಕೊಂಡ ವರ್ತಕ. ಒಂದು ಗುಂಡೂ ಖರ್ಚಾಗಲಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು, "ಹಬ್ಬದ ಎಡೆ ಇನ್ನು ಯಾರಿಗೆ ಕೊಡಲಿ?" ಎಂದು ಮಾತ್ರ ಕೇಳಿದಳು.

ಮಳೆಗಾಲ ಕಳೆಯಿತು. ಹಿಂದೆ ವಿಚಾರಣೆಗೆ ಬಂದಿದ್ದ ಪೇದೆಯೇ ಆಯುಧ ಸರಿಯಾಗಿದೆಯೇ ಎಂದು ನೋಡಲು ಬಂದ. ನೋಡಿದ. ಮಜ್ಜಿಗೆ ಕುಡಿದ. ಕುಡಿಯುತ್ತಾ ಎದುರಿನ ಗೋಡೆ ನೋಡಿ, "ಇಲ್ಲೊಂದು ಬಾಗಿಲಿತ್ತಲ್ಲ?" ಎಂದ.

"ಇತ್ತು. ಯಾಕೆ?"

"ನಿಮ್ಮ ವಿಚಾರಣೆಗೆ ಬಂದಾಗ ನಾನು ಬೀದಿಯೆಲ್ಲ ತಿರುಗಿದೆ. ಪೊಲೀಸು ಅಂದಕೂಡಲೇ ಎಲ್ಲರೂ ನಮಗೆ ಗೊತ್ತಿಲ್ಲ, ನಮಗೆ ಯಾಕೆ ಅಂತ ಒಳಗೆ ಹೋದರು. ಆ ಬಾಗಿಲಿನವರು ಒಬ್ಬರೇ ಹೊರಗೆ ಬಂದು ಚಾಪೆ ಹಾಕಿ ಕೂರಿಸಿದರು."

"ಏನು ಹೇಳಿದರು?"

"ಸ್ವಾಮಿ, ಆ ಮನುಷ್ಯ ಕೋತಿಗೂ ಕೋಲೆತ್ತಿದವರಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ, ಅಂಥವರ ಕೈಗೆ ಏನು ಕೊಟ್ಟರೂ ನಮಗೆ ಭಯವಿಲ್ಲ ಅಂದರು. ಅದನ್ನೇ ಬರೆದುಕೊಂಡು ಹೋದೆ. ಅದರ ಮೇಲೆಯೇ ನಿಮಗೆ ಲೈಸೆನ್ಸು ಆದದ್ದು."

ಪೇದೆ ಹೋದ. ವರ್ತಕ ಎದ್ದು ಚಪ್ಪಲಿ ಮೆಟ್ಟಿದ. ಬೀದಿ ದಾಟಿದ. ಬಾಗಿಲಿದ್ದ ಜಾಗದಲ್ಲಿ ನಿಂತು ಸುಣ್ಣದ ಮೇಲೆ ಕೈಯಿಟ್ಟ. ಒಳಗೆ ಮಗುವಿನ ಸದ್ದು ಕೇಳಿಸುತ್ತಿತ್ತು. ಹಿಂದಿನ ಓಣಿಗೆ ಸುತ್ತಿಕೊಂಡು ಹೋಗಲು ದಾರಿಯಿತ್ತು. ಓಣಿಯ ಬಾಯಿಯವರೆಗೆ ಹೋದ. ತಾನು ಬಾಗಿಲು ತಟ್ಟಿದರೆ ಅವರು ಮೊದಲು ನೋಡುವುದು ತನ್ನ ಮುಖವನ್ನಲ್ಲ, ತನ್ನ ಕೈಯನ್ನು ಎಂದು ಅವನಿಗೆ ಹೊಳೆಯಿತು. ನಾಳೆ ಬರುವೆನೆಂದು ತಿರುಗಿದ. ಮರುದಿನವೂ ಅಲ್ಲಿಯವರೆಗೆ ಹೋಗಿ ತಿರುಗಿದ. ಕೊನೆಗೆ ಹೋಗುವುದನ್ನೇ ಬಿಟ್ಟ.

ಒಂದು ಸಂಜೆ ಕೋತಿಯೊಂದು ಆ ಗೋಡೆಯ ಮೇಲೆ ಬಂದು ಕುಳಿತಿತು. ಜಗಲಿಯ ಮೇಲೆ ವರ್ತಕ ಒಬ್ಬನೇ ಇದ್ದ. ಅವನು ಕೋಲೆತ್ತಲಿಲ್ಲ. ಅವನಿಗೆ ನಗು ಬಂತು. ತೋರಿಸಿ ನಗೋಣವೆಂದು ಎದುರಿನ ಜಗಲಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಾಂತಮಲ್ಲಪ್ಪ ಕೇಳಿದ: "ಅವನು ಚಿಕ್ಕದನ್ನೇ ಕೊಂಡಿದ್ದರೆ ಸರಿಹೋಗುತ್ತಿತ್ತೇ ಬುದ್ಧಿ?"

"ನಿನ್ನ ಲೈಸೆನ್ಸಿಗೆ ಪೊಲೀಸಿನವರು ಅಕ್ಕಪಕ್ಕದಲ್ಲಿ ವಿಚಾರಿಸಿದರು ಅಂದೆಯಲ್ಲ" ಎಂದರು ಗುರುಗಳು. "ಅಕ್ಕಪಕ್ಕದಲ್ಲಿ ಯಾರಿದ್ದಾರೆ?"

"ಈ ಕಡೆ ಕೆರೆಯ ಏರಿ ಬುದ್ಧಿ. ಆ ಕಡೆ…" ಎಂದವನು ನನ್ನ ಕಡೆ ನೋಡಿದ. "ಅತ್ತಿಗೆ" ಎಂದ.

ಏರಿಯ ಮೇಲೆ ಯಾರ ಮನೆಯೂ ಇಲ್ಲ. ಅದು ನನಗೆ ಗೊತ್ತಿರುವ ವಿಷಯವೇ. ಆ ಕಡೆ, ಗುರುಪಾದಸ್ವಾಮಿಯವರ ಮನೆಯಲ್ಲಿ, ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆಯ ಸದ್ದು ನಮ್ಮ ನಡುಮನೆಗೆ ಚೆನ್ನಾಗಿ ಕೇಳಿಸುತ್ತದೆ. ನಾನು ಸೆರಗು ಸರಿಮಾಡಿಕೊಂಡೆ. ಗುರುಗಳಿಗೆ ಹೇಳಲು ಒಂದು ವಾಕ್ಯ ಹುಡುಕಿದೆ. ಪೂರ್ತಿಯಾದದ್ದು ಒಂದೂ ಸಿಗಲಿಲ್ಲ.

ಗುರುಗಳು ಎದ್ದು ನಿಂತು ಹೇಳಿದರು: "ಕ್ಷಮೆ ಕೇಳಬೇಕಾದದ್ದು ಈ ಮನೆ, ತಾಯಿ. ಅಲ್ಲಿ ಬಾಗಿಲು ಇರುವಾಗಲೇ ಹೋಗಿ ಕೇಳಿ."