ಕೊನೆಯ ಮಾತುಗಳ ಡೇಟಾಬೇಸ್

ಭೀಮಾ ನದಿಯ ದಂಡೆಯಲ್ಲಿ ಒಂದು ಮಠ. ಸಾವು ಹತ್ತಿರ ಬಂದವರು ಅಲ್ಲಿಗೆ ಬಂದು ಮಲಗುತ್ತಿದ್ದರು. ಅವರ ಕೊನೆಯ ಮಾತನ್ನು ಅವರವರ ಭಾಷೆಯಲ್ಲಿ, ಅವರವರ ಲಿಪಿಯಲ್ಲೇ ಬರೆದಿಡುವುದು ಅಲ್ಲಿಯ ಪದ್ಧತಿ. ಕನ್ನಡ, ಮರಾಠಿ, ತೆಲುಗು, ಉರ್ದು, ಎಲ್ಲವೂ ಇದ್ದವು.

ಪುಸ್ತಕಗಳಿಗೆ ಗೆದ್ದಲು ಹತ್ತಿತು. ಸತ್ತವರ ದೂರದೂರಿನ ಮಕ್ಕಳು ಕೂತಲ್ಲೇ ಓದಲಿ ಎಂದು ಶಿಷ್ಯ ಗದಿಗೆಯ್ಯ ವೆಬ್‌ಸೈಟು ಮಾಡಲು ಹೊರಟ. ಮಾತುಗಳನ್ನು ಕೂಡಿಡಲು ಒಂದು ಡೇಟಾಬೇಸ್ ಆರಿಸಬೇಕಿತ್ತು. ಗುರುವಿನ ಬಳಿ ಬಂದ. ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಎರಡು ಅದಾವ್ರಿ ಅಜ್ಜಾರ. ಒಂದು ಭಾಳ ಜೋರು ಓಡತೈತಿ. ಇನ್ನೊಂದು ನಿಧಾನ, ಆದ್ರ ಎಲ್ಲಾ ಲಿಪಿ ತಗೋತೈತಂತ."

"ನಿನ್ನ ಮನಸ್ಸು ಯಾವುದರ ಮ್ಯಾಲೆ?"

"ಜೋರು ಓಡೋದರ ಮ್ಯಾಲ್ರಿ."

"ಸತ್ತವರ ಮಾತಿಗೆ ಅವಸರ ಏನೈತೋ?"

ಗದಿಗೆಯ್ಯ ನಕ್ಕ. ಅಜ್ಜಾರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ ಎಂದುಕೊಂಡ, ಪಾಪ.

ಜೋರು ಓಡುವುದನ್ನೇ ಆರಿಸಿ, ಎರಡು ವರ್ಷ ಕೂತು ಟೈಪ್ ಮಾಡಿದ. ಬಾರದ ಭಾಷೆಯನ್ನು ಅಕ್ಷರದ ಆಕಾರ ನೋಡಿ ಒತ್ತಿದ. ಕೊನೆಯ ಪುಟ ಮುಗಿದ ದಿನ ಕೈಮುಗಿದು ಕೇಳಿದ:

"ಪುಸ್ತಕ ಹೊಳಿಗೆ ಬಿಡ್ಲೇನ್ರಿ?"

ಹಾಳಾದ ಪುಸ್ತಕವನ್ನು ಸುಡಬಾರದು, ಹೊಳೆಗೆ ಬಿಡಬೇಕು. ಅದೂ ಮಠದ ಪದ್ಧತಿಯೇ.

"ಒಳಗ ಇಟ್ಟದ್ದನ್ನ ಹೊರಗ ತಗದು ನೋಡಿದ್ಯಾ?"

"ನೋಡೀನ್ರಿ."

ನೋಡಿದ್ದು ಸುಳ್ಳಲ್ಲ. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ, ತೆಗೆದು ನೋಡಿದ್ದ. ಸರಿಯಾಗಿಯೇ ಬಂದಿತ್ತು.

ಪುಸ್ತಕಗಳು ನೀರಿಗೆ ಹೋದವು.

ವಾರ ಕಳೆದ ಮೇಲೆ ಅನಸೂಯಾಬಾಯಿ ಬಂದಳು. ಹೋದ ಮಳೆಗಾಲದಲ್ಲಿ ಅವಳ ತಾಯಿ ಇಲ್ಲೇ ತೀರಿಕೊಂಡಿದ್ದಳು. ತಾಯಿ ಒಪ್ಪದ ಮದುವೆ ಮಾಡಿಕೊಂಡು ಹೋದ ಮಗಳು. ಹನ್ನೆರಡು ವರ್ಷ ಇಬ್ಬರಲ್ಲಿ ಮಾತಿರಲಿಲ್ಲ.

"ಅವ್ವ ನನ್ನ ಕ್ಷಮಿಸಿದ್ಲೋ ಇಲ್ಲೋ, ಅಷ್ಟ ತಿಳೀಬೇಕ್ರಿ."

ಗದಿಗೆಯ್ಯ ಕಂಪ್ಯೂಟರಿನಲ್ಲಿ ಅವಳ ತಾಯಿಯ ಮಾತು ತೆರೆದ. ಪರದೆಯ ತುಂಬ ಬರೀ ಪ್ರಶ್ನೆಚಿಹ್ನೆಗಳು. ಇನ್ನೊಬ್ಬರದು ತೆರೆದ, ಮತ್ತೊಬ್ಬರದು ತೆರೆದ. ಎಲ್ಲವೂ ಅವೇ. ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಅರಿಯದ ಆ ಡೇಟಾಬೇಸು, ಒಂದೊಂದು ಅಕ್ಷರ ತೆಗೆದು ಒಂದೊಂದು ಪ್ರಶ್ನೆಚಿಹ್ನೆ ಇಟ್ಟುಕೊಂಡಿತ್ತು.

ತಾಯಿಯ ಮಾತು ಮರಾಠಿ; ಅಂದು ಅದನ್ನು ಬರೆದುಕೊಂಡಿದ್ದ ಊರಿನ ಮಾಸ್ತರರೂ ಈಗ ಬದುಕಿರಲಿಲ್ಲ.

"ಕ್ಷಮಿಸಿದ್ಲು ಅಂತ ಹೇಳಿಬಿಡ್ಲೇನ್ರಿ?" ಅಜ್ಜಾರ ಕಿವಿಯಲ್ಲಿ ಕೇಳಿದ.

"ಅದು ಆಕಿ ಅವ್ವನ ಮಾತಲ್ಲ. ನಿಂದು."

ಗದಿಗೆಯ್ಯ ನಡೆದದ್ದನ್ನೆಲ್ಲ ಹೇಳಿದ. ಅನಸೂಯಾಬಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪರದೆಯ ಮೇಲೆ ಬೆರಳಿಟ್ಟು, ಸಾಲಿನುದ್ದಕ್ಕೂ ಎಳೆದಳು.

"ಇದರಾಗ ನನ್ನ ಹೆಸರು ಐತೇನ್ರಿ?"

"ಗೊತ್ತಿಲ್ಲವ್ವಾ," ಎಂದರು ಅಜ್ಜಾರು. "ಆಕಿ ಮಾತಾಡುವಾಗ ನಾನೇ ಕೈ ಹಿಡಕೊಂಡು ಕುಂತಿದ್ದೆ. ನನಗ ಆ ಭಾಷಾ ಬರಂಗಿಲ್ಲ."

ಅವಳು ಸ್ವಲ್ಪ ಹೊತ್ತು ಹೊಳೆಯ ದಂಡೆಯಲ್ಲಿ ನಿಂತು, ಸಂಜೆಯ ಬಸ್ಸಿಗೆ ಹೋದಳು. ಮತ್ತೆ ಬರುವುದಕ್ಕೆ ಅವಳಿಗೆ ಕಾರಣ ಉಳಿದಿರಲಿಲ್ಲ.

ಮೂರು ದಿನ ಗದಿಗೆಯ್ಯನಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅಜ್ಜಾರ ಮುಂದೆ ಬಂದು ಕೂತ.

"ಇನ್ನೊಂದು ಡೇಟಾಬೇಸ್ ಹಾಕೀನ್ರಿ. ನಾಕೂ ಲಿಪಿ ಹಾಕಿ, ತಗದು ನೋಡೀನಿ. ಬರತಾವು. ಆದ್ರ ಅದರಾಗ ಇಡಾಕ ನನ್ನ ಹತ್ರ ಏನೂ ಉಳದಿಲ್ರಿ."

"ಪ್ರಶ್ನೆಚಿಹ್ನೆ ಉಳದಾವಲ್ಲ," ಎಂದರು ಅಜ್ಜಾರು. "ಒಬ್ಬೊಬ್ಬರವೂ, ಒಂದೂ ತಪ್ಪದಂಗ ಇಡು. ಇಷ್ಟು ಮಾತಾಡಿ ಸತ್ತರು ಅಂತಾದರೂ ಇರಲಿ."